ಮಲಪ್ರಭೆಗೆ ಹೊರಟ ಉಪ್ಪುನೀರಿನ ಮೀನು

ಸಮುದ್ರ ನೋಡಬೇಕು ಅನ್ನಿಸಿದರೆ ಬೆಳಗಾವಿಯವರು ಗಾಡಿ ಹತ್ತಿ, ಘಟ್ಟ ಇಳಿದು, ಗೋವಾಕ್ಕೆ ಹೋಗಿ ಬರುತ್ತಾರೆ. ನನ್ನ ಗಂಡ ಸಮುದ್ರವನ್ನೇ ಎತ್ತಿಕೊಂಡು ಬಂದು ಮಹಾಂತೇಶ ನಗರದ ನಮ್ಮ ಪಡಸಾಲೆಯಲ್ಲಿ ನಿಲ್ಲಿಸಿದರು. ಮೀನಿನ ಮೇಲೆ ಪ್ರೀತಿ ಉಕ್ಕಿ ತಂದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಮಚ್ಛೆಯಲ್ಲಿ ಅವರದೊಂದು ಸಣ್ಣ ಕಾರ್ಖಾನೆ ಇದೆ, ಪಂಪಿನ ಬಿಡಿಭಾಗ ಮಾಡುತ್ತಾರೆ. ಅದರ ಬಾಜುಕ್ಕೆ ಕಾರ್ಖಾನೆ ಇಟ್ಟಿರುವ ಇನ್ನೊಬ್ಬರು ತಮ್ಮ ಆಫೀಸಿನಲ್ಲಿ ಬಣ್ಣದ ಮೀನಿನ ಟ್ಯಾಂಕ್ ಇಟ್ಟರು. ಅಂದಿನಿಂದ ಇವರಿಗೆ ಊಟ ರುಚಿಸಲಿಲ್ಲ. ಅವರದು ಸಾದಾ ನೀರಿನ ಮೀನು. ಆದ್ದರಿಂದ ಇವರದು ಉಪ್ಪುನೀರಿನದೇ ಆಗಬೇಕಾಯಿತು. ಮೊದಲ ತಿಂಗಳು ಮನೆಗೆ ಬಂದವರನ್ನೆಲ್ಲ ಕೈಹಿಡಿದು ಕರೆತಂದು ತೋರಿಸಿದರು. ನೀರು ಬದಲಿಸುವ ದಿನ ಬಂದಾಗ ಸೊಂಟ ಹಿಡಿದುಕೊಂಡು ಕೂತರು. ಅಲ್ಲಿಗೆ ಸಮುದ್ರ ನನ್ನ ಪಾಲಿಗೆ ಬಂತು.

ಮನೆಯಲ್ಲಿ ಸಮುದ್ರ ಸಾಕುವುದೆಂದರೆ ಏನು ಎಂದು ಸೋಫಾದ ಮೇಲೆ ಕೂತು ನೋಡುವವರಿಗೆ ಗೊತ್ತಾಗುವುದಿಲ್ಲ. ಬಕೆಟ್ಟಿನಲ್ಲಿ ಫಿಲ್ಟರ್ ನೀರು ಹಿಡಿದು, ಅಂಗಡಿಯಿಂದ ತಂದ ಸಮುದ್ರದ ಉಪ್ಪನ್ನು ತೂಗಿ ಹಾಕಿ, ಸಣ್ಣ ಮೋಟರ್ ಬಿಟ್ಟು ತಿರುಗಿಸಿ, ಉಪ್ಪು ಸರಿಯಾಗಿದೆಯೇ ಎಂದು ಗಾಜಿನ ಕಡ್ಡಿ ಮುಳುಗಿಸಿ ನೋಡಬೇಕು. ಸಾರಿಗೆ ಕೈಯಳತೆಯಲ್ಲೇ ಉಪ್ಪು ಹಾಕಿ ಜನ್ಮ ಕಳೆದವಳು ನಾನು. ಮೀನಿಗೆ ಮಾತ್ರ ತಕ್ಕಡಿ ಹಿಡಿದೆ. ಒಮ್ಮೆ ನಮ್ಮ ಬೀಗರ ಕಡೆಯ ಹೆಣ್ಣುಮಗಳೊಬ್ಬಳು ಆ ಉಪ್ಪಿನ ಚೀಲ ನೋಡಿ, ‘ಇಷ್ಟ ದೊಡ್ಡ ಚೀಲಾ ಸೋಡಾ ತಂದೀರಿ, ನಿಮ್ಮ ಮನ್ಯಾಗ ಅರಿವಿ ಭಾಳ ಒಗೀತೀರೇನ್ರಿ?’ ಎಂದಳು. ವಾಸ್ತು ಹೇಳುವ ಮಹಾಶಯರೊಬ್ಬರು ಬಂದು ಟ್ಯಾಂಕನ್ನು ಈಶಾನ್ಯಕ್ಕೆ ಸರಿಸಿರಿ, ಒಂಬತ್ತು ಮೀನು ಇಡಿರಿ, ಒಂದು ಕರಿಯದಿರಲಿ ಎಂದರು. ನೀರು ಯಾವುದು, ಮೀನು ಯಾವುದು ಎಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಲೆಕ್ಕ ಮಾತ್ರ ಬಾಯಿಪಾಠ ಇತ್ತು. ನಮ್ಮ ಯಜಮಾನರು ಕೈಕಟ್ಟಿಕೊಂಡು ಕೇಳಿದರು. ನಾನು ಚಹಾ ಕೊಟ್ಟು ಕಳಿಸಿದೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನೆಲದೊಳಗೆ ಬೆಳೆದದ್ದು ಅಡುಗೆಮನೆ ಹೊಗಬಾರದು. ಟ್ಯಾಂಕಿನಲ್ಲಿದ್ದದ್ದು ಕ್ಲೌನ್ ಮೀನು: ಕಿತ್ತಳೆ ಮೈ, ಬಿಳಿ ಪಟ್ಟೆ, ನೋಡಲು ಆಟಿಗೆಯಂಥದು. ಅದು ಪಾಚಿಯನ್ನೂ ತಿನ್ನುತ್ತದೆ, ಸಿಗಡಿಯನ್ನೂ ತಿನ್ನುತ್ತದೆ. ಸಿಗಡಿ ತಂದು ಫ್ರಿಜ್ಜಿನಲ್ಲಿಡಿ ಎಂದು ಅಂಗಡಿಯವನು ಹೇಳಿದಾಗ ನನ್ನ ಗಂಡ ಕಿವಿ ಮುಚ್ಚಿಕೊಂಡರು. ಕೊನೆಗೆ ಡಬ್ಬಿಯಲ್ಲಿ ಬರುವ ಒಣ ಕಾಳು ತಂದೆವು. ಆ ಕಾಳು ಯಾತರದ್ದೆಂದು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ. ಮನೆಯಲ್ಲಿ ಯಾರೂ ಅದನ್ನು ಓದುವುದಿಲ್ಲ. ಪುಡಿ ಮಾಡಿ, ಉಂಡೆ ಕಟ್ಟಿ, ಡಬ್ಬಿಯಲ್ಲಿ ತುಂಬಿಬಿಟ್ಟರೆ ನಮ್ಮವರಿಗೆ ಯಾವ ಪಾಪವೂ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಎರಡು ಮೀನಿದ್ದವು, ಒಂದು ಹೆಣ್ಣು, ಒಂದು ಗಂಡು. ಕರೆಂಟು ಹೋದಾಗ ಟ್ಯಾಂಕಿನ ಮೋಟರ್ ನಡೆಸಲು ‘ಬ್ಯಾಟರಿ ತರ್ತೀನಿ, ತರ್ತೀನಿ’ ಎಂದು ನನ್ನ ಗಂಡ ಹೇಳುತ್ತಲೇ ಇದ್ದರು. ಬೇಸಿಗೆಯಲ್ಲಿ ಒಂದು ದಿನ ಕರೆಂಟು ಹೋದದ್ದು ಸಂಜೆಯ ತನಕ ಬರಲಿಲ್ಲ. ಗಂಡುಮೀನು ಸತ್ತಿತು. ಬ್ಯಾಟರಿ ಮರುದಿನ ಬಂತು.

ಹೆಣ್ಣು ಉಳಿಯಿತು. ನಾನು ಅದಕ್ಕೆ ಮುದುಕಿ ಎನ್ನುತ್ತಿದ್ದೆ. ಗಾಜು ಒರೆಸಲು ಕೈ ಇಳಿಸಿದರೆ ಬಂದು ಬೆರಳು ಕಚ್ಚುತ್ತಿತ್ತು. ಅದರ ಕಲ್ಲನ್ನು ಒಂದು ಬೆರಳಷ್ಟು ಸರಿಸಿದರೆ ಬಾಲದಿಂದ ಮರಳು ಚಿಮ್ಮಿ ಸಿಟ್ಟು ತೋರಿಸುತ್ತಿತ್ತು. ನನಗೆ ಅದು ಹಿಡಿಸಿತ್ತು. ಆ ಮನೆಯಲ್ಲಿ ನನ್ನೊಡನೆ ಎದುರು ನಿಂತು ಜಗಳಾಡುವ ಜೀವ ಅದೊಂದೇ. ಉಳಿದವರು ನಾನು ಏನು ಹೇಳಿದರೂ ‘ಹೂಂ, ಆತು’ ಎಂದು ಎದ್ದುಹೋಗಿ ತಮಗೆ ಬೇಕಾದ್ದನ್ನೇ ಮಾಡುವವರು. ಜೋಡಿ ಹೋದ ಮೇಲೆ ಮುದುಕಿ ಒಂದು ಮೂಲೆ ಹಿಡಿದು ನಿಂತಿತು, ಕಾಳು ಹಾಕಿದರೂ ಮೇಲೆ ಬರಲೊಲ್ಲದು. ನನಗೆ ಜೀವ ಚುರ್ ಎಂದಿತು. ಅಂಗಡಿಗೆ ಹೋಗಿ ಕೇಳಿದೆ.

ಅಂಗಡಿಯವನದು ಅರ್ಧ ಮರಾಠಿ, ಅರ್ಧ ಕನ್ನಡ, ಮಾರಾಟದ ವೇಳೆ ಪೂರ್ತಿ ಸುಳ್ಳು. ಸತ್ತ ಮೀನನ್ನೂ ‘ಮಲಗೇತ್ರಿ’ ಎಂದು ಕೊಡುವವನು. ಈ ಒಂದು ವಿಷಯದಲ್ಲಿ ಮಾತ್ರ ಖರೇ ಹೇಳಿದ.

‘ವೈನಿ, ಹೊಸಾದು ನಿಮ್ಮ ಹಳೇದರ ಅರ್ಧಾ ಇರ್ಬೇಕು ನೋಡ್ರಿ. ದೊಡ್ಡದು ಹಾಕಿದ್ರ ಎರಡೂ ಯಜಮಾನ್ತಿ ಆಗಾಕ ನೋಡ್ತಾವು. ಒಂದು ಸಾಯೂತನಾ ಬಿಡಂಗಿಲ್ಲ.’

ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ. ಇದ್ದುದರಲ್ಲಿ ದೊಡ್ಡದು ಹೆಣ್ಣಾಗಿ ಕಾರುಬಾರು ಹಿಡಿಯುತ್ತದೆ. ಆಮೇಲೆ ಬಂದ ಸಣ್ಣದು ದೊಡ್ಡದರೆದುರು ಓರೆಯಾಗಿ ಮೈ ನಡುಗಿಸಿ, ‘ಆತವಾ, ನೀನ ದೊಡ್ಡಾಕಿ’ ಎಂದು ಒಪ್ಪಿಕೊಂಡರೆ ಮುಂದೆ ಜೋಡಿ, ಒಪ್ಪದಿದ್ದರೆ ಸಾವು. ಇದನ್ನು ಹೇಳಿದಾಗಲೆಲ್ಲ ಕೇಳಿದ ಹೆಂಗಸರು ‘ಅತ್ತಿ-ಸೊಸಿ ಇದ್ದಂಗ ಬಿಡ್ರಿ’ ಎಂದು ಕಿಸಿಕಿಸಿ ನಗುತ್ತಾರೆ. ನನಗೆ ಮೈ ಉರಿಯುತ್ತದೆ. ಸೊಸೆಗೆ ಬಾಗಿಲಿದೆ, ಬಸ್ಸಿದೆ, ತವರುಮನೆಯಿದೆ. ಸಮುದ್ರದಲ್ಲಾದರೆ ಸೋತ ಮೀನೂ ಈಜಿ ದೂರ ಹೋಗುತ್ತದೆ. ಟ್ಯಾಂಕಿನಲ್ಲಿ ನಾಲ್ಕೂ ಕಡೆ ಗಾಜು.

ಅಂಗಡಿಯವನು ಹೇಳಿದ್ದನ್ನು ಮನೆಗೆ ಬಂದು ಒಂದಕ್ಷರ ಬಿಡದೆ ಹೇಳಿದೆ. ‘ನೀ ಹೋದ್ರ ಮೋಸಾ ಮಾಡ್ತಾನ, ನಾ ತರ್ತೀನಿ’ ಎಂದು ಭಾನುವಾರ ಯಜಮಾನರೇ ಹೊರಟರು. ತಂದದ್ದು ನೋಡಿದರೆ ಮುದುಕಿಯ ಸರಿಸಮ ಇನ್ನೊಂದು.

‘ಸಣ್ಣದು ತರ್ರಿ ಅಂದಿದ್ನೆಲ್ಲ?’

‘ಅದ ರೇಟಿಗೆ ಇಷ್ಟ ದೊಡ್ಡದು ಕೊಟ್ಟಾನ. ಬುದ್ಧಿ ಇದ್ದಾವ ಯಾರರ ಸಣ್ಣದು ತರ್ತಾನೇನು?’

ಸೌತೆಕಾಯಿ ಆರಿಸಿದ ಹಾಗೆ ಮೀನು ಆರಿಸಿದ್ದರು. ವ್ಯಾಪಾರದ ಮನೆತನದಲ್ಲಿ ಹುಟ್ಟಿದವರಿಗೆ ಇದೊಂದು ರೋಗ: ಅದೇ ದರಕ್ಕೆ ದೊಡ್ಡದು ಸಿಕ್ಕಿತೆಂದರೆ ತಮಗೆ ಬೇಕಾದದ್ದು ಏನೆಂಬುದೇ ಮರೆತುಹೋಗುತ್ತದೆ. ನಾನು ಕೈ ಒರೆಸಿಕೊಂಡು ಬರುವುದರೊಳಗೆ ಚೀಲದ ನೀರಿನ ಸಮೇತ ಅದನ್ನು ಟ್ಯಾಂಕಿಗೆ ಸುರಿದುಬಿಟ್ಟಿದ್ದರು. ಮುದುಕಿ ಮೂಲೆ ಬಿಟ್ಟು ಬಂದದ್ದೇ ತಡ, ಎರಡೂ ಬಾಯಿಗೆ ಬಾಯಿ ಹಾಕಿ ಕಚ್ಚಿಕೊಂಡು ಗಿರಗಿರ ತಿರುಗತೊಡಗಿದವು. ‘ಆಡಾಕ ಹತ್ತ್ಯಾವು’ ಎಂದರು ನನ್ನ ಗಂಡ. ಸಂಜೆಯ ಹೊತ್ತಿಗೆ ಹೊಸದರ ಬಾಲ ಹರಿದು ಜಾಲರಿಯಾಗಿತ್ತು, ಮುದುಕಿಯ ತುಟಿ ಬೆಳ್ಳಗೆ ಬಾತಿತ್ತು. ತರಕಾರಿ ತೊಳೆಯುವ ತೂತಿನ ಬುಟ್ಟಿ ತಂದು, ಹೊಸದನ್ನು ಅದರೊಳಗೆ ಹಾಕಿ, ಬುಟ್ಟಿಯನ್ನು ಟ್ಯಾಂಕಿನಲ್ಲೇ ತೇಲಿಬಿಟ್ಟು ಕ್ಲಿಪ್ ಹಾಕಿದೆ. ಮುದುಕಿ ಬುಟ್ಟಿಗೆ ತಲೆ ಗುದ್ದುತ್ತಲೇ ಇತ್ತು.

ಅದೇ ವಾರ ಖಾನಾಪುರದಿಂದ ನನ್ನ ಗಂಡನ ಕಾಕಾ ಕಣ್ಣಿನ ಆಪರೇಶನ್ ಮಾಡಿಸಿಕೊಳ್ಳಲು ಬಂದು ನಮ್ಮ ಮನೆಯಲ್ಲಿಳಿದರು. ನನ್ನ ಮಾವನವರು ಬೇಗ ತೀರಿಹೋದ ಮೇಲೆ ಇವರನ್ನು ಸಾಕಿ ಸಾಲಿ ಕಲಿಸಿದವರು ಕಾಕಾನೇ. ಆದ್ದರಿಂದ ಅವರೆದುರು ನನ್ನ ಗಂಡನಿಗೆ ‘ಇಲ್ಲ’ ಎನ್ನುವ ಶಬ್ದ ಬರುವುದಿಲ್ಲ. ಮಚ್ಛೆಯ ಕೆಲಸಗಾರರ ಮೇಲೆ ಹುಲಿಯಂತೆ ಹಾರಿಬೀಳುವ ಮನುಷ್ಯ ಕಾಕಾನ ಮುಂದೆ ಮೂರನೇ ಇಯತ್ತೆಯ ಹುಡುಗನಾಗಿ ನಿಲ್ಲುತ್ತಾರೆ. ಕಾಕಾ ಕೆಟ್ಟವರಲ್ಲ. ನಡೆಯುವಾಗ ಇರುವೆ ಕಂಡರೆ ಸುತ್ತು ಹಾಕುವವರು, ಸುಮ್ಮನೆ ತೋರಿಕೆಗಲ್ಲ, ಯಾರೂ ಇಲ್ಲದಿದ್ದಾಗಲೂ. ನಾನು ಕಿಟಕಿಯಿಂದ ನೋಡಿದ್ದೇನೆ. ಆದರೆ ದಯೆ ಮಾಡುವುದೆಂದರೆ ಮಾಡಿಸಿಕೊಳ್ಳುವವರನ್ನು ಒಂದು ಮಾತು ಕೇಳುವ ಅಗತ್ಯವಿಲ್ಲ ಎಂದು ನಂಬಿದವರು. ಪ್ರತಿ ವರ್ಷ ಹಬ್ಬಕ್ಕೆ ಮೀನು ಮಾರುವವರಿಂದ ಜೀವಂತ ಮೀನು ಕೊಂಡು ಖಾನಾಪುರದ ಘಾಟಿನಲ್ಲಿ ಮಲಪ್ರಭೆಗೆ ಬಿಡುತ್ತಾರೆ, ಅಭಯದಾನವೆಂದು. ಊರ ನಾಲ್ಕು ಜನ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಅದೇ ಮೀನನ್ನು ಕೆಳಗಿನ ತಿರುವಿನಲ್ಲಿ ಯಾರು ಹಿಡಿಯುತ್ತಾರೋ, ಆ ಫೋಟೋ ಯಾರೂ ತೆಗೆಯುವುದಿಲ್ಲ.

ಆಪರೇಶನ್ ಆದ ಮೇಲೆ ಕರಿ ಚಸ್ಮಾ ಹಾಕಿಕೊಂಡು ಕಾಕಾ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡರು. ಹೊಸ ಕಣ್ಣಿಗೆ ಕಂಡ ಮೊದಲ ನೋಟ ನಮ್ಮ ಮನೆಯ ಕಾಳಗ.

‘ನೋಡವಾ, ಮನ್ಯಾಗ ಹಿಂಸಾ ನಡದೇತಿ. ಕಣ್ಣಲೇ ನೋಡ್ಕೋತ ಕುಂದರೂದು ಪಾಪ’ ಎಂದರು.

‘ಹೊಸಾದನ್ನ ಅಂಗಡಿಗೆ ವಾಪಸ್ ಕೊಡಾವ್ರದೇವ್ರಿ ಕಾಕಾರ, ಸಣ್ಣದು ತರ್ತೀವಿ’ ಎಂದೆ.

ಕೊಟ್ಟು ಬರಲು ಯಜಮಾನರಿಗೆ ಹೇಳಿದೆ. ಅಂಗಡಿಯವನು ಹರಿದ ಬಾಲದ ಮೀನು ಒಲ್ಲೆನೆಂದನಂತೆ. ಕಾರಿನಲ್ಲಿ ಜೊತೆಗೆ ಕಾಕಾ ಇದ್ದರು, ಊರಿಗೆ ಬಿಟ್ಟುಬರುವುದಿತ್ತು. ‘ನನಗ ಕೊಡಪಾ, ಹೊಳಿಗೆ ಬಿಡ್ತೀನಿ, ಬದಕ್ಲಿ’ ಎಂದರಂತೆ. ಇವರು ಕೊಟ್ಟರಂತೆ. ಘಾಟಿನ ಮೆಟ್ಟಿಲ ತನಕ ತಾವೇ ಡಬ್ಬಿ ಹೊತ್ತರಂತೆ. ಇದನ್ನೆಲ್ಲ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಹೇಳಿದರು, ಮಳೆ ಬಂತು ಎನ್ನುವ ಹಾಗೆ.

‘ಉಪ್ಪುನೀರಿನ ಮೀನು ಹೊಳಿಯಾಗ ಎಷ್ಟೊತ್ತು ಬದಕ್ತದ್ರಿ? ನಿಮಗ ಗೊತ್ತಿಲ್ಲೇನು?’

‘ಗೊತ್ತೈತಿ. ಹಿರ್ಯಾರು ಅಷ್ಟು ಭಕ್ತಿಲೇ ಕೇಳಿದ್ರು, ಏನ್ ಮಾಡ್ಲಿ? ಮೀನ ಅಲ್ಲೇನು, ಹೋಗ್ಲಿ ಬಿಡು. ಕಾಕಾನ ಮುಂದ ಏನೂ ಅನಬ್ಯಾಡ ಮತ್ತ. ಗೊತ್ತಾದ್ರ ಉಪವಾಸ ಕುಂದರ್ತಾರ, ಈ ವಯಸ್ಸಿನ್ಯಾಗ.’

ಜೀವನದಲ್ಲಿ ಒಂದು ಇರುವೆ ತುಳಿಯದ ಮನುಷ್ಯನ ಕೈಯಿಂದ ಒಂದು ಜೀವ ಕೊಲ್ಲಿಸಿ, ಅದನ್ನು ಅವರಿಂದ ಬಚ್ಚಿಡುವುದಕ್ಕೆ ನನ್ನ ಗಂಡ ಇಟ್ಟ ಹೆಸರು ಗೌರವ. ಆ ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ, ಕ್ರಿಕೆಟ್ ಇತ್ತು.

ಮುಂದಿನ ಸಲ ನಾನೇ ಅಂಗಡಿಗೆ ಹೋದೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು ಒಂದನ್ನು ಆರಿಸಿದೆ. ‘ದೊಡ್ಡದು ಒಯ್ರಿ ವೈನಿ, ಅದ ರೇಟು’ ಎಂದ ಅದೇ ಮಹಾನುಭಾವ. ಸಣ್ಣದಕ್ಕೇ ದುಡ್ಡು ಎಣಿಸಿಕೊಟ್ಟು ಬಂದೆ. ಮನೆಗೆ ಬಂದು ಮೊದಲು ಟ್ಯಾಂಕಿನ ದೀಪ ಆರಿಸಿದೆ. ಕಲ್ಲುಗಳನ್ನೆಲ್ಲ ಜಾಗ ಬದಲಿಸಿದೆ. ಇದು ತನ್ನದೇ ಮನೆ ಎನ್ನುವ ಗರ್ವ ಮುದುಕಿಗೆ ಸ್ವಲ್ಪ ಇಳಿಯಲೆಂದು. ಮುದುಕಿಗೆ ಹೊಟ್ಟೆ ತುಂಬ ಕಾಳು ಹಾಕಿದೆ. ಚೀಲವನ್ನು ನೀರಿನಲ್ಲಿ ತೇಲಿಸಿ, ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಬಿಟ್ಟು, ಆಮೇಲೆ ಸಣ್ಣದನ್ನು ಬುಟ್ಟಿಗೆ ಹಾಕಿದೆ. ಗಾಜಿನ ಹೊರಗೆ ನನ್ನ ಕೈಗನ್ನಡಿಯನ್ನೂ ಆನಿಸಿಟ್ಟೆ. ಮುದುಕಿ ಕನ್ನಡಿಯೊಳಗಿನ ತನ್ನನ್ನೇ ವೈರಿಯೆಂದು ತಿಳಿದು ಅರ್ಧ ಸಿಟ್ಟನ್ನು ಅಲ್ಲೇ ಕಳೆಯಿತು. ನಮ್ಮ ಬಳಗದಲ್ಲಿ ಕೆಲವರಿಗೆ ಇಂಥದೊಂದು ಕನ್ನಡಿ ಕೊಡಿಸಬೇಕು ಎಂದು ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದೆ.

ಎರಡು ದಿನ ಗುದ್ದಾಟ ನಡೆಯಿತು. ಆಮೇಲೆ ಬುಟ್ಟಿಯ ತೂತಿನೊಳಗಿಂದ ಸಣ್ಣದು ಓರೆಯಾಗಿ ನಿಂತು ಮೈ ನಡುಗಿಸಿತು. ಮುದುಕಿ ಗುದ್ದುವುದನ್ನು ಬಿಟ್ಟು ಸುಮ್ಮನೆ ನೋಡಿತು, ಮತ್ತೆ ಗುದ್ದಿತು, ಆದರೆ ಮೊದಲಿನ ಜೋರಿನಲ್ಲಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಇನ್ನೊಂದೆರಡು ದಿನ ತಾಳಿದರೆ ಬುಟ್ಟಿ ತೆಗೆಯಬಹುದು ಎಂದುಕೊಂಡೆ.

ಅಷ್ಟರಲ್ಲಿ ಕಣ್ಣು ತೋರಿಸಲೆಂದು ಕಾಕಾ ಮತ್ತೆ ಬಂದರು. ಕುರ್ಚಿ ಮತ್ತೆ ಟ್ಯಾಂಕಿನ ಮುಂದೆ ಬಂತು.

‘ಬಂದದ್ದನ್ನೆಲ್ಲಾ ಹೊಡ್ಯಾಕ ನಿಂತದ ಈ ದೊಡ್ಡದು’ ಎಂದರು. ‘ಇದರ ತಪ್ಪಲ್ಲವಾ. ಕೂಡಿ ಹಾಕಿದ್ರ ಯಾರಿಗರ ಸಿಟ್ಟು ಬರ್ತದ. ಇದನ್ನ ನಾ ಒಯ್ತೀನಿ. ಮೊನ್ನಿ ಬಿಟ್ಟಿದ್ದು ಹೊಳಿಯಾಗ ಒಂದ ಐತಿ, ಅದಕ್ಕೂ ಜೋಡಿ ಆಗ್ತದ.’

ಕೂಡಿ ಹಾಕಿದರೆ ಸಿಟ್ಟು ಬರುತ್ತದೆ ಎನ್ನುವುದನ್ನು ಆ ಮನೆಯಲ್ಲಿ ಮೊದಲು ಹೇಳಿದವರು ಕಾಕಾನೇ, ಅದು ನಿಜ. ಆದರೆ ಹೊಳೆಯಲ್ಲಿ ಒಂದು ಇದೆ ಎಂದದ್ದು ಕೇಳಿ ನಾನು ಗಂಡನ ಕಡೆ ನೋಡಿದೆ. ಅವರು ಕಾಕಾನ ಬೆನ್ನ ಹಿಂದೆ ನಿಂತು ನನಗೆ ಕಣ್ಣು ಬಿಡುತ್ತಿದ್ದರು.

‘ಬ್ಯಾಡ್ರಿ ಕಾಕಾರ, ಇದಕ್ಕ ಹೊಳಿ ನೀರು ಒಗ್ಗೂದಿಲ್ರಿ’ ಎಂದೆ.

‘ಹರಿಯೂ ನೀರು ಒಗ್ಗೂದಿಲ್ಲ, ನಿಮ್ಮ ಕರೆಂಟಿನ ನೀರು ಒಗ್ಗತೈತೇನು?’ ಎಂದು ನಕ್ಕರು. ನನ್ನ ಗಂಡನೂ ನಕ್ಕರು. ನಾನು ಖಡಾಖಂಡಿತ ಬೇಡವೆಂದು ಹೇಳಿ ಹಿಟ್ಟಿನ ಗಿರಣಿಗೆ ಹೋದೆ. ಬೇಡ ಎಂದದ್ದು ಮುಗಿಯಿತು ಎಂದು ತಿಳಿದಿದ್ದೆ.

ಗಿರಣಿಯಲ್ಲಿ ಗದ್ದಲವಿತ್ತು. ಹಿಟ್ಟು ಹೊತ್ತು ಬಂದು ನೋಡಿದರೆ ಟ್ಯಾಂಕಿನಲ್ಲಿ ಮುದುಕಿ ಇಲ್ಲ. ಬುಟ್ಟಿಯೊಳಗೆ ಸಣ್ಣದೊಂದೇ ಸುತ್ತುತ್ತಿದೆ. ಅಂಗಳದಲ್ಲಿ ಕಾರಿಲ್ಲ, ಅಡುಗೆಮನೆಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ ಇಲ್ಲ. ನೆಲದ ಮೇಲೆ ಟ್ಯಾಂಕಿನಿಂದ ಬಾಗಿಲ ತನಕ ಉಪ್ಪುನೀರು ಚೆಲ್ಲಿದೆ. ನನ್ನ ಗಂಡನಿಗೆ ಫೋನ್ ಮಾಡಿದೆ, ಕಟ್ ಮಾಡಿದರು. ಮತ್ತೆ ಮಾಡಿದೆ, ಸ್ವಿಚ್ ಆಫ್. ಹೇಡಿತನಕ್ಕೂ ಈಗ ಗುಂಡಿ ಒತ್ತಿದರೆ ಸಾಕು.

ಖಾನಾಪುರದ ಮನೆಗೆ ಮಾಡಿದೆ. ಕಾಕು, ಅಂದರೆ ಕಾಕಾನ ಹೆಂಡತಿ, ಎತ್ತಿಕೊಂಡರು.

‘ಕಾಕೂರ, ಇವರು ಬರ್ತಾರ, ಕೈಯಾಗ ಡಬ್ಬಿ ಐತಿ. ನಾ ಬರೂತನಾ ಹೊಳಿಗೆ ಹೋಗಾಕ ಬಿಡಬ್ಯಾಡ್ರಿ.’

‘ಏನಾತವಾ?’

‘ಬಂದು ಹೇಳ್ತೀನ್ರಿ. ಕಾಕಾರು ಬಂದಮ್ಯಾಲ ಅವರ ಕೈಯಾಗ ಫೋನ್ ಕೊಡಾಕ ಬರ್ತದೇನ್ರಿ?’

‘ಅವರಿಗೆ ಫೋನ್‌ನ್ಯಾಗ ಏನೂ ಕೇಳಂಗಿಲ್ಲ, ಸುಮ್ನ ಹೂಂ ಹೂಂ ಅಂತಾರ. ನೀ ಬಾ. ಉಣ್ಣಾಕ ಕುಂದರಸ್ತೀನಿ. ಉಣ್ಣಾಕ ಕುಂತ್ರ ಅವರು ಲಗೂ ಏಳೂವ್ರಲ್ಲ.’

ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿಕೊಂಡು ಸ್ಕೂಟಿ ಹತ್ತಿದೆ. ಊರು ದಾಟಿ, ಮಚ್ಛೆ ದಾಟುವಾಗ ನಮ್ಮ ಕಾರ್ಖಾನೆಯ ಬೋರ್ಡು ಕಂಡಿತು. ಪ್ರೊಪ್ರೈಟರ್ ಎಂದು ದೊಡ್ಡ ಅಕ್ಷರದಲ್ಲಿ ಗಂಡನ ಹೆಸರು. ಅದನ್ನು ನೋಡಿ ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದರ ಹಿಂದೆ ಎರಡು ಟ್ರೇಲರ್, ರಸ್ತೆಯ ತುಂಬ ಹಾಡು ಹಾಕಿಕೊಂಡು ತೂಗಾಡುತ್ತ ಹೋಗುತ್ತಿದ್ದವು. ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು. ನನಗೆ ಭಯವಾಗಿತ್ತು. ಒಂದು ಬೆರಳುದ್ದದ ಮೀನಿಗಾಗಿ ಇಷ್ಟು ಭಯಪಡುವುದನ್ನು ಯಾರಾದರೂ ನೋಡಿದರೆ ನಗುತ್ತಾರೆಂದು ಗೊತ್ತಿತ್ತು. ನಗಲಿ ಎಂದುಕೊಂಡೆ. ಜೊತೆಗೆ ಇನ್ನೊಂದೂ ಗೊತ್ತಿತ್ತು. ಮುದುಕಿಯನ್ನು ಉಳಿಸಬೇಕಾದರೆ ಮೊದಲಿನದು ಏನಾಯಿತೆಂದು ಕಾಕಾನಿಗೆ ಹೇಳಲೇಬೇಕು.

ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದಾಗ ಕಾಕು ಬಾಗಿಲಲ್ಲೇ ಇದ್ದರು. ‘ಎರಡು ಸಲ ಸೂಸಲಾ ಮಾಡಿ ಹಾಕಿದೆ, ಮ್ಯಾಲ ಚಹಾ ಕೊಟ್ಟೆ. ಈಗರ ಎದ್ದು ಹೋದ್ರು, ಓಡು’ ಎಂದರು.

ಘಾಟಿನಲ್ಲಿ ಕಾಕಾ ಕೆಳಗಿನ ಮೆಟ್ಟಿಲ ಮೇಲೆ, ಪಾದ ನೀರಿನಲ್ಲಿಟ್ಟು ನಿಂತಿದ್ದರು. ಕೈಯಲ್ಲಿ ನನ್ನ ಡಬ್ಬಿ, ಮುಚ್ಚಳ ತೆಗೆದಿತ್ತು. ತುಟಿ ಅಲುಗುತ್ತಿತ್ತು, ಮಂತ್ರ ಹೇಳುತ್ತಿದ್ದರು. ನನ್ನ ಗಂಡ ಎರಡು ಮೆಟ್ಟಿಲು ಮೇಲೆ ಅವರ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ನೋಡಿ ಅವರ ಮುಖ ಸಪ್ಪಗಾಯಿತು. ನಾನು ಅವರನ್ನು ದಾಟಿ ಕೆಳಗಿಳಿದು ಡಬ್ಬಿಯ ಮೇಲೆ ಕೈಯಿಟ್ಟೆ. ಒಳಗೆ ಮುದುಕಿ ಇತ್ತು. ಜೀವವಿತ್ತು.

‘ಯಾಕವಾ, ನೀನೂ ಬಂದ್ಯಾ? ಛಲೋ ಆತು’ ಎಂದರು ಕಾಕಾ.

‘ಕಾಕಾರ, ಒಂದು ಮಾತು ಹೇಳ್ತೀನ್ರಿ. ಮೊನ್ನಿ ನೀವು ಬಿಟ್ಟದ್ದು ಉಪ್ಪುನೀರಿನ ಮೀನು, ಹೊಳಿ ನೀರಾಗ ಅದು ಬದಕಿಲ್ರಿ’ ಎಂದು ಹೇಳಿ, ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡೆ.